ಎರಡು ಉಸಿರಿನ ಅಳತೆ

ನಿದ್ದೆ ಅಳೆಯುವ ಯಂತ್ರಕ್ಕೆ ಅಪ್ಪ ಬಿಟ್ಟುಹೋದ ಸೈಟಿನ ಪಾಲು ಹೋಗಿತ್ತು. ಗೆರೆ ಬರೆಯುವ ಕಾಗದದ ಸುರುಳಿಗಳಿಗೆ ಸಂಬಳದ ಕಾಲು ಭಾಗ, ತಂತಿ, ಗೋಂದು, ಮೂಗಿನ ನಳಿಗೆಗಳಿಗೆ ಎರಡು ಬಳೆ. ಖರ್ಚೆಲ್ಲ ಅಕ್ಕನದು. ತಂಗಿ ತಂದದ್ದು ಒಂದು ಪ್ರಶ್ನೆ, ಅದೂ ಪುಕ್ಕಟೆ. ಅಕ್ಕನಿಗೆ ಹೊಟ್ಟೆ ಉರಿದದ್ದು ಅದಕ್ಕೇ.

ಇಬ್ಬರೂ ಡಾಕ್ಟರು. ಗೊರಕೆ ಹೊಡೆಯುವ ದೊಡ್ಡವರ ಉಸಿರು ನಿದ್ದೆಯಲ್ಲಿ ನಿಲ್ಲುತ್ತದೆಂದು ಆಗಲೇ ಗೊತ್ತಾಗಿತ್ತು. ಮಕ್ಕಳ ಕಡೆ ಮಾತ್ರ ಯಾರೂ ತಿರುಗಿ ನೋಡಿರಲಿಲ್ಲ. ಗೊರಕೆ ಹೊಡೆಯುವ ಮಗು ಸುಖವಾಗಿ ಮಲಗಿದೆ ಎಂದೇ ಲೆಕ್ಕ.

ಮಧ್ಯಾಹ್ನ ಪರದೆ ಎಳೆದ ಕೋಣೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಮಲಗಿದ್ದಳು. ಅಕ್ಕ ಕಾಗದ ನೋಡಿದಳು.

"ಉಸಿರು ಹತ್ತು ಸೆಕೆಂಡ್ ನಿಂತ್ರೆ ಕಾಯಿಲೆ. ಇದು ಆರೇ. ಏನೂ ಇಲ್ಲ."

"ಅದು ದೊಡ್ಡವರ ಅಳತೆ ಕಣೆ ಅಕ್ಕ," ಎಂದಳು ತಂಗಿ. "ಮಕ್ಕಳ ಉಸಿರು ಬೇಗ ಬೇಗ. ಆರು ಸೆಕೆಂಡಲ್ಲಿ ಎರಡು ಉಸಿರು ತಪ್ಪಿರತ್ತೆ, ಮಗೂಗೆ ಅಷ್ಟೇ ಕಾಯಿಲೆ."

"ಮೊನ್ನೆ ಮೊನ್ನೆ ಬಂದೋಳು ನಂಗೇ ಪಾಠ ಹೇಳ್ತೀಯಾ?"

"ಅಪ್ಪನ ಚಪ್ಪಲಿ ಮಗೂಗೆ ತೊಡಿಸಿ, ಕಾಲೇ ಸರಿ ಇಲ್ಲ ಅಂತೀಯಲ್ಲ!"

ಮಾತು ನಿಜವೆಂದು ಅಕ್ಕನಿಗೆ ಆ ಕ್ಷಣವೇ ಹೊಳೆಯಿತು. ಇದು ತನಗೇಕೆ ಹೊಳೆಯಲಿಲ್ಲ ಎಂಬುದೂ ಜೊತೆಗೇ ಚುಚ್ಚಿತು. 'ಏನೂ ಇಲ್ಲ' ಎಂದು ಸಹಿ ಹಾಕಿದರೆ ತಂಗಿಯ ವಾದ ಅಲ್ಲಿಗೇ ಮುಗಿಯುತ್ತಿತ್ತು. ಸಹಿಯ ಅಧಿಕಾರ ಅಕ್ಕನೊಬ್ಬಳದೇ. ಅವಳು ಪೆನ್ನು ತೆಗೆದಳು.

ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿ ಕೇಳಿದಳು, "ಏನೂ ಇಲ್ವಾ ಡಾಕ್ಟ್ರೇ? ಹಾಗಾದ್ರೆ ಟೀಚರ್ ಹೇಳಿದ್ದೇ ನಿಜಾನಾ? ಕ್ಲಾಸಲ್ಲಿ ತೂಕಡಿಸ್ತಾಳೆ, ಸೋಮಾರಿ, ದಡ್ಡಿ ಅಂತಾರೆ."

ಹಾಸಿಗೆಯ ಮೇಲೆ ಹುಡುಗಿ ಕತ್ತು ಹಿಂದಕ್ಕೆ ಚಾಚಿದಳು. ಎದೆಗೂಡು ಒಳಕ್ಕೆ ಸೆಳೆದುಕೊಂಡಿತು, ಉಸಿರು ಬರಲಿಲ್ಲ. ಆಮೇಲೆ ಒಮ್ಮೆಲೇ ಏದುಸಿರು.

"ದಡ್ಡಿ ಅಲ್ಲಮ್ಮ, ನಿದ್ದೆಗೆಟ್ಟಿದಾಳೆ ಅಷ್ಟೆ," ಎಂದಳು ಅಕ್ಕ. "ಗಂಟಲಲ್ಲಿ ಟಾನ್ಸಿಲ್ ಗಡ್ಡೆ ಊದಿದೆ. ತೆಗೆಸೋಕೆ ಬರ್ಕೊಡ್ತೀನಿ." ತಂಗಿಯ ಕಡೆ ತಿರುಗಿ ಸಿಡುಕಿದಳು, "ಹಲ್ಲು ಕಿರೀಬೇಡ. ಹಳೇ ಸುರುಳಿ ಎಲ್ಲಾ ಇಳಿಸು, ಮತ್ತೆ ನೋಡೋಣ."

ಶಸ್ತ್ರಚಿಕಿತ್ಸೆಯ ನಂತರ ಹುಡುಗಿ ತರಗತಿಯಲ್ಲಿ ಎಚ್ಚರವಾಗಿ ಕುಳಿತಳು. ಎರಡು ಉಸಿರಿನ ಹೊಸ ಅಳತೆಗೆ ತಂಗಿಯ ಹೆಸರೇ ನಿಂತಿತು. ಅಕ್ಕನ ಹೆಸರು ತಂಗಿ ಬರೆದ ಲೇಖನದ ಕೊನೆಯ ಕೃತಜ್ಞತೆಯಲ್ಲಿ ಬಂತು. ಅದನ್ನು ಓದಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಲೇ ಇತ್ತು. ಹಳೆಯ ಸುರುಳಿಗಳನ್ನು ಮತ್ತೆ ನೋಡಿದಾಗ, ಅಕ್ಕ ಹಿಂದೆ ಏನೂ ಇಲ್ಲವೆಂದು ಕಳಿಸಿದ್ದ ಮಕ್ಕಳಲ್ಲಿ ಹದಿನಾಲ್ವರಿಗೆ ಕಾಯಿಲೆ ಇತ್ತು. ಹುಡುಕಿದಾಗ ಒಂಬತ್ತು ಮಂದಿ ಸಿಕ್ಕರು, ವಾಸಿಯಾದರು. ಐವರು ಸಿಗಲೇ ಇಲ್ಲ.