ಮೈಮೇಲಿನ ಪುಡಿ ಕಂಪನಿಯದು

"ಲೇ ಮುಂಡೇದೇ, ಜಡೆ ಬಿಚ್ಚಿ ಕೊಡವೇ! ಅದೇನು ನಿಮ್ಮಪ್ಪನ ಮನೆ ಗಂಟಾ, ತಲೇಲಿ ಹೊತ್ಕೊಂಡು ಹೋಗೋಕೆ?"

ಜರಡಿ ಕೂಗುತ್ತಿದ್ದುದು ನನ್ನ ಅತ್ತಿಗೆಯ ಮೇಲೆ. ಅವನು ನಮ್ಮ ಸೂಪರ್‌ವೈಸರ್. ಆ ಹೆಸರು ನಾವು ಹೆಂಗಸರೇ ಇಟ್ಟಿದ್ದು. ಅತ್ತಿಗೆ ಗೇಟಿನ ಬಳಿಯ ಸ್ಟೀಲ್ ತಟ್ಟೆಯ ಮೇಲೆ ಬಗ್ಗಿ ಕೂದಲಿಗೆ ಬಾಚಣಿಗೆ ಎಳೆಯುತ್ತಿದ್ದಳು. ಅವಳು ಕೆಮ್ಮಿದಾಗೆಲ್ಲ ಜರಡಿ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ, ಬಿದ್ದ ಪುಡಿ ಹಾರಿಹೋದೀತೆಂದು.

ನಾವು ವಜ್ರದ ಪುಡಿಯನ್ನು ಜರಡಿ ಹಿಡಿಯುವವರು. ವಜ್ರವೆಂದ ಕೂಡಲೇ ಬಾಯಿ ಬಿಡಬೇಡಿ. ಇದು ಯಂತ್ರದಲ್ಲಿ ಬೇಯಿಸಿದ್ದು, ನೋಡಲು ಒಲೆಯ ಬೂದಿಯ ಹಾಗೆ. ಲೋಹದ ಪುಡಿಯಲ್ಲಿ ಕಲಸಿ, ಅಚ್ಚಿಗೆ ಒತ್ತಿ, ಸುಟ್ಟು, ಚಕ್ರದ ಅಂಚಿಗೆ ಕೂರಿಸುತ್ತಾರೆ. ಕಲ್ಲಾಗಲಿ ಗಾಜಾಗಲಿ, ಆ ಚಕ್ರದ ಮುಂದೆ ಬೆಣ್ಣೆ. ಶಿಫ್ಟ್ ಮುಗಿದ ಮೇಲೆ ಕೂದಲು, ಉಗುರಿನ ಸಂದಿ, ಬಟ್ಟೆಯ ಮಡಿಕೆ ಎಲ್ಲವನ್ನೂ ಕೊಡವಿ ಕಂಪನಿಗೆ ಒಪ್ಪಿಸಿಯೇ ನಾವು ಹೊರಬೀಳಬೇಕು. ಕೈ ತೊಳೆದ ನೀರನ್ನೂ ಸೋಸಿ ಇಟ್ಟುಕೊಳ್ಳುತ್ತಾರೆ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜನ.

ಇತ್ತೀಚೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಅತ್ತಿಗೆಯ ತುಟಿ ನೀಲಿಗಟ್ಟುತ್ತಿತ್ತು. "ಧೂಳಿನ ಕೆಲಸ ಬಿಡಮ್ಮಾ, ಇಲ್ಲಾಂದ್ರೆ ಉಳಿಯಲ್ಲ" ಎಂದಿದ್ದರು ಆಸ್ಪತ್ರೆಯ ಡಾಕ್ಟರು. ಸುಲಭದ ಮಾತು. ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತಬೇಕಲ್ಲ. ಪ್ಯಾಕಿಂಗ್ ಕೋಣೆಗಾದರೂ ಹಾಕಲಿ ಎಂದು ಅವಳನ್ನು ಕರೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ.

ಅವನು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡಿದ. "ಧೂಳಾ? ನಮ್ಮ ಶೆಡ್ಡಲ್ಲಿ ಧೂಳೆಲ್ಲಮ್ಮಾ ಇದೆ? ನಿಮ್ಮನೇಲಿ ಸೌದೆ ಉರಿಸ್ತೀರಲ್ಲ, ಅದರ ಹೊಗೆ ಇರ್ಬೇಕು. ಮೊದಲೇ ಮಾರ್ಕೆಟ್ ಬಿದ್ದೋಗಿದೆ, ಗಲ್ಲಿಗೊಬ್ಬ ವಜ್ರ ಬೇಯಿಸ್ತಿದಾನೆ. ನಾಳೆ ದೊಡ್ಡ ಬಯರ್ ಬರ್ತಾನೆ, ಅವನೆದುರು ಕೆಮ್ಮೀಯ ಮತ್ತೆ!"

ನಮ್ಮ ಮನೆಯಲ್ಲಿ ಉರಿಯುವುದು ಗ್ಯಾಸು. ಅದನ್ನು ಹೇಳಿದರೆ ಕೇಳುವವರಾರು?

ಬಯರ್ ಬಂದದ್ದು ಮರುದಿನ ಶಿಫ್ಟ್ ಬಿಡುವ ಹೊತ್ತಿಗೆ. ಮ್ಯಾನೇಜರ್ ಅವನನ್ನು ನೇರವಾಗಿ ತಟ್ಟೆಯ ಬಳಿಗೇ ಕರೆತಂದ, ಮದುವೆಯಲ್ಲಿ ಒಡವೆ ತೋರಿಸುವವನ ಸಂಭ್ರಮದಲ್ಲಿ.

"ಒಂದು ಕಣ ಆಚೆ ಹೋಗಲ್ಲ ಸಾರ್. ನೋಡಿ, ಇವರ ಮೈಮೇಲಿಂದಾನೇ ಇಷ್ಟು ವಾಪಸ್ ತೆಗೀತೀವಿ. ಅದಕ್ಕೇ ನಮ್ಮ ರೇಟು ಬೇರೆಯವರಿಗೆ ಗಿಟ್ಟಲ್ಲ."

ಬಯರ್ ತಲೆದೂಗಿದ. ಜರಡಿಗೆ ಹುರುಪು ಹೆಚ್ಚಿ, ಅತ್ತಿಗೆಯ ಜಡೆಗೆ ಕೈ ಹಾಕಿ ತಟ್ಟೆಯ ಮೇಲಕ್ಕೆ ಜಗ್ಗಿದ. "ತೋರ್ಸೇ ಸಾಹೇಬ್ರಿಗೆ!"

ಅತ್ತಿಗೆ ಬಗ್ಗಿದಳು. ಕೆಮ್ಮು ಬಂತು, ಅವಳು ಈ ಸಲ ತಡೆಯಲಿಲ್ಲ. ಎದೆಯ ತಳದಿಂದ ಕೆರೆದು ತೆಗೆದು ತಟ್ಟೆಯ ನಡುವೆ ಉಗಿದಳು. ಬೂದು ಕಫ, ಅದರ ತುಂಬ ರಕ್ತ.

"ಶೆಡ್ಡಲ್ಲಿ ಧೂಳಿಲ್ಲ ಅಂದ್ರಲ್ಲ ಸಾಹೇಬ್ರೇ," ಎಂದಳು ಮ್ಯಾನೇಜರ್ ಕಡೆ ತಿರುಗಿ ಏದುತ್ತ, "ಮತ್ತೆ ಇದೇನು? ಇದೂ ನಿಮ್ದೇ. ಇಟ್ಕೊಳ್ಳಿ."

"ಥೂ, ಹಲ್ಕಾ ರಂಡೆ!" ಎಂದು ಜರಡಿ ಕೈ ಎತ್ತಿದ. ನಾನು ಅವನ ಮಣಿಕಟ್ಟು ಹಿಡಿದೆ. ಹಿಂದೆ ಸಾಲಿನಲ್ಲಿದ್ದ ಹೆಂಗಸರು ಮುಂದೆ ಬಂದರು. ಬಯರ್ ಆಗಲೇ ಕಾರಿನ ಕಡೆ ಹೊರಟಿದ್ದ.

"ಇಬ್ಬರನ್ನೂ ಆಚೆ ತಳ್ರೋ! ನಾಳೆಯಿಂದ ಈ ಕಡೆ ತಲೆ ಹಾಕಂಗಿಲ್ಲ," ಮ್ಯಾನೇಜರ್ ಅರಚಿದ.

ತಳ್ಳುವ ಮೊದಲೇ ಅತ್ತಿಗೆ ಹೊರಟಳು, ಬಿಚ್ಚಿದ ಕೂದಲಲ್ಲೇ, ಕೊಡವದೆ. ಗೇಟು ದಾಟಿ ನಾನೊಮ್ಮೆ ತಿರುಗಿ ನೋಡಿದೆ. ಜರಡಿ ಮುಖ ಕಿವುಚಿಕೊಂಡು ತಟ್ಟೆಯನ್ನು ಚರಂಡಿಗೆ ಬಗ್ಗಿಸಲು ಹೋಗಿದ್ದ.

"ಏ ಕತ್ತೆ, ಚೆಲ್ತೀಯಾ?" ಮ್ಯಾನೇಜರ್ ಓಡಿಬಂದ. "ಇವತ್ತು ಕೊಡವಿದ ಪುಡಿಯೆಲ್ಲ ಅದ್ರಲ್ಲೇ ಇದೆ. ಸೋಸೋ!"

ಜರಡಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯ ಬೆರಳಿನಿಂದ ನನ್ನ ಅತ್ತಿಗೆಯ ರಕ್ತ ಕೆದಕಿ ವಜ್ರ ಹುಡುಕತೊಡಗಿದ.