ಎರಡನೆಯ ಎಲೆ

ನಮ್ಮೂರಿನ ಭಜನೆ ಮಂದಿರದಲ್ಲಿ ಬಹಳ ವರ್ಷ ಏಕಾಂತದ ಮಹಿಮೆಯನ್ನು ಹೇಳಿದವನು ನಾನು. ಮನುಷ್ಯ ಒಬ್ಬನೇ ಕುಳಿತರೆ ಪಕ್ಕದಲ್ಲಿ ಭಗವಂತ ಬಂದು ಕೂರುತ್ತಾನೆ ಎನ್ನುವಾಗ ಮುಂದಿನ ಸಾಲಿನ ಹೆಂಗಸರು ತಲೆದೂಗುತ್ತಿದ್ದರು. ನನ್ನ ಹೆಂಡತಿ ಪಾಪಕ್ಕ ತಲೆದೂಗಿದ್ದನ್ನು ಮಾತ್ರ ಕಾಣೆ. ಹೋದ ವರ್ಷ ಅವಳು ತೀರಿಕೊಂಡಳು. ಮಕ್ಕಳಿಲ್ಲದ ಮನೆ. ಒಬ್ಬನೇ ಕೂರುವ ಸರದಿ ನನಗೆ ಬಂತು. ಭಗವಂತ ಬಂದನೋ ಇಲ್ಲವೋ ತಿಳಿಯದು. ಅವನು ಬರುವುದರೊಳಗೆ ನಾನು ಎದ್ದು ಹೊರಗೆ ಹೋಗಿರುತ್ತಿದ್ದೆ.

ಉಳಿದದ್ದನ್ನೆಲ್ಲ ಹೇಗೋ ಸಹಿಸಿದೆ. ಮನೆಯಲ್ಲಿ ಒಬ್ಬನೇ ಉಣ್ಣುವುದು ಮಾತ್ರ ಆಗಲಿಲ್ಲ. ತುತ್ತು ಬಾಯಿಗೆ ಹೋಗುತ್ತಿತ್ತು, ಗಂಟಲಿಗೆ ಇಳಿಯುತ್ತಿರಲಿಲ್ಲ. ಆದ್ದರಿಂದ ಬೆಳಿಗ್ಗೆ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ, ನಮ್ಮೂರಿನ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಿದ್ದೆ. ಕೆಲಸಕ್ಕೆ ಹೋಗುವವರ ನಡುವೆ ಕುಳಿತು ಡಬ್ಬಿ ಬಿಚ್ಚಿದರೆ ಬಂಗಾರಪೇಟೆಯೊಳಗೆ ಊಟ ಮುಗಿಯುತ್ತಿತ್ತು. ಅಲ್ಲಿ ನಲ್ಲಿಯಲ್ಲಿ ಕೈ ತೊಳೆದು ಮುಂದಿನ ರೈಲಿಗೆ ಹಿಂದಿರುಗುತ್ತಿದ್ದೆ. ನರೆತ ತಲೆ, ಹಣೆಯಲ್ಲಿ ನಾಮ. ಏನೋ ಘನವಾದ ಕಾರ್ಯವಿರಬೇಕೆಂದು ಜನ ಜಾಗ ಬಿಡುತ್ತಿದ್ದರು.

ಎದುರಿಗೆ ಕೂರುವ ಗಾರೆ ಕೆಲಸದ ಕುಪ್ಪುಸ್ವಾಮಿ ಒಮ್ಮೆ ಕೇಳಿದ: "ಐಯಾ, ದಿನಾ ಬಂಗಾರಪೇಟೇಲಿ ಏನ್ ಕೆಲ್ಸ?"

"ಕೈ ತೊಳೆಯೋದು" ಎಂದೆ.

ಅವನು ನಗಲಿಲ್ಲ. "ಸರಿ ಐಯಾ, ನಾಳೆಯಿಂದ ಉಪ್ಪಿನ್ಕಾಯಿ ನಾನ್ ತತ್ತೀನಿ" ಎಂದ.

ವರ್ಷಾಬ್ದಿಕ ಮುಗಿದ ಮೇಲಿನ ಮೊದಲ ಮಹಾಲಯ ಅಮಾವಾಸ್ಯೆ ಬಂತು. ಅಕ್ಕನಿಗೆ ಎಡೆಯಿಡಲು ಪಾಪಕ್ಕನ ತಂಗಿ ಚಿಕ್ಕವೆಂಕಟಮ್ಮ ಕಾಮಸಮುದ್ರದಿಂದ ಬಸ್ಸಿನಲ್ಲಿ ಬಂದಳು. ನನ್ನ ರೈಲಿನ ಊಟದ ಸುದ್ದಿ ಅಷ್ಟರಲ್ಲಿ ಅವಳ ಊರಿಗೂ ತಲುಪಿತ್ತು.

"ರೈಲಲ್ಲಿ ಉಣ್ಣೋ ಬಾಳು ಯಾಕೆ ಬಾವ? ಮನೆಗೆ ಬೀಗ ಆಕಿ ನಮ್ಮನೆಗೆ ಬಂದ್ಬುಡು."

"ನಿಮ್ಮಕ್ಕ ಬಾಳಿದ ಮನೆ. ಬಿಡಲ್ಲ."

"ಅಂಗಾದ್ರೆ ಇಲ್ಲೇ ಕೂತು ಒಂದೊತ್ತು ಉಂಡು ತೋರ್ಸು. ಇಲ್ದಿದ್ರೆ ಸಂಜೆ ಬಸ್ಸಿಗೆ ನಂಜೊತೆ ಒರಡು."

ಅವಳು ವಡೆ, ಕಜ್ಜಾಯ, ಪಾಯಸ ಮಾಡಿದಳು. ಪಾಪಕ್ಕನ ಫೋಟೋದ ಮುಂದೆ ಎಲೆ ಹಾಕುವುದು ನನ್ನ ಪಾಲಿನ ಕೆಲಸ. ಎಡೆಯಿಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು ನಮ್ಮ ಪದ್ಧತಿ. ಹೋದವರು ಯಾರ ಕಣ್ಣಿಗೂ ಬೀಳದೆ ಉಂಡುಹೋಗಬೇಕು. ಮುಚ್ಚಿದ ಕೋಣೆಯಲ್ಲಿ ಅವಳೊಬ್ಬಳೇ ಉಣ್ಣುವುದು ನನಗೆ ಸರಿಬರಲಿಲ್ಲ. ಅವಳ ಎಲೆಯ ಪಕ್ಕಕ್ಕೆ ನನಗೂ ಒಂದು ಎಲೆ ಹಾಕಿ ಕುಳಿತುಬಿಟ್ಟೆ.

ಪಾಯಸದ ಪಾತ್ರೆ ಹಿಡಿದು ಬಂದ ಚಿಕ್ಕವೆಂಕಟಮ್ಮ ಬಾಗಿಲಲ್ಲೇ ನಿಂತಳು.

"ಇದ್ಯಾರ ಎಲೆ?"

"ನನ್ನದು."

"ಸತ್ತೋರ ಸಾಲಲ್ಲಿ ಎಲೆ ಆಕ್ಕೊಂಡಿದ್ದೀಯಲ್ಲ, ನೀನ್ಯಾವಾಗ ಓಗ್ಬುಟ್ಟೆ ಬಾವ? ನಮ್ಗೊಂದು ಮಾತೂ ಯೋಳಿ ಕಳ್ಸಲಿಲ್ಲ."

ಶಾಸ್ತ್ರ ತಿಳಿದವನೆಂದು ಊರಿನಲ್ಲಿ ಹೆಸರು ಪಡೆದವನು ನಾನು. ತಲೆ ತಗ್ಗಿಸಿಕೊಂಡು ಎದ್ದೆ. ಅವಳು ನನ್ನ ಎಲೆಯನ್ನು ಮಡಿಸಿ ತೆಗೆದು, ಅಕ್ಕನ ಎಲೆಗೆ ಬಡಿಸಿ, ನನ್ನನ್ನು ಹೊರಗೆ ದಬ್ಬಿ ಬಾಗಿಲು ಮುಚ್ಚಿದಳು. ಜಗಲಿಯಲ್ಲಿ ಕುಳಿತೆವು.

"ಪಾಪ, ಒಬ್ಬಳೇ ಉಣ್ಣಬೇಕಲ್ಲ" ಎಂದೆ.

"ಅದೇ ಅವ್ಳಿಗೆ ಇಷ್ಟ. ನೀನು ಉಂಡು ಮಂದಿರಕ್ಕೆ ಓದ್ಮೇಲೆ ಇತ್ಲ ಬಾಗ್ಲಲ್ಲಿ ಕಾಲು ನೀಡ್ಕೊಂಡು ತಟ್ಟೆ ಇಟ್ಕೊಳ್ಳೋಳು. ನಾನ್ ಬಂದ್ರೂ 'ಉಂಡಾಗೋಗಂಟ ಮಾತಾಡ್ಬ್ಯಾಡ ಕಣೇ' ಅನ್ನೋಳು."

"ನನ್ನ ಜೊತೆಗೇ ಕೂತು ಉಣ್ಣಬಹುದಿತ್ತಲ್ಲ?"

"ನೀನು ಉಣ್ಣೋವಾಗ್ಲೂ ಪ್ರವಚನ ಮಾಡ್ತೀಯ ಬಾವ."

ನಾನು ಮಂದಿರದಲ್ಲಿ ಏಕಾಂತವನ್ನು ವರ್ಣಿಸುತ್ತಿದ್ದ ಹೊತ್ತಿನಲ್ಲೇ ಅವಳು ಹಿತ್ತಲಲ್ಲಿ ಕುಳಿತು ಅದನ್ನು ಸವಿಯುತ್ತಿದ್ದಳು. ನಾನು ಮನೆಯಲ್ಲಿ ಇಲ್ಲದಿರುವುದೇ ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿ.

ಬಾಗಿಲು ತೆರೆದ ಮೇಲೆ ಚಿಕ್ಕವೆಂಕಟಮ್ಮ ನನಗೆ ತಟ್ಟೆಗೆ ಬಡಿಸಿ ಪಕ್ಕದ ಮನೆಗೆ ಹೋದಳು. ತಟ್ಟೆ ತೆಗೆದುಕೊಂಡು ಹಿತ್ತಲ ಬಾಗಿಲಿಗೆ ಹೋಗಿ, ಪಾಪಕ್ಕನಂತೆ ಕಾಲು ನೀಡಿದೆ. ಮೊಣಕಾಲು ಗೊಣಗಿತು. ಮೊದಲ ತುತ್ತು ವಡೆಯದು, ಎಂದಿನಂತೆ ಬಾಯಲ್ಲೇ ಉಳಿಯಿತು. ಗೋಡೆಯ ಮೇಲೆ ಕಾಗೆಯಿತ್ತು. ಅದಕ್ಕೆ ಪಿತೃಗಳ ವಿಷಯ ನಾಲ್ಕು ಮಾತು ಹೇಳೋಣವೆಂದು ಬಾಯಿ ತೆರೆದೆ. ಪಾಪಕ್ಕ ತಂಗಿಗೆ ಹೇಳುತ್ತಿದ್ದ ಮಾತು ನೆನಪಾಗಿ ಮುಚ್ಚಿದೆ. ಮುಚ್ಚಿದ ಬಾಯಿಯಲ್ಲಿ ವಡೆ ಕರುಮ್ಮೆಂದಿತು. ವಡೆಗೆ ಇಷ್ಟು ಒಳ್ಳೆಯ ಸದ್ದಿದೆಯೆಂದು ನನಗೆ ತಿಳಿದಿರಲಿಲ್ಲ. ನನ್ನ ಮಾತಿನಲ್ಲಿ ಮುಳುಗಿಹೋಗುತ್ತಿದ್ದಿರಬೇಕು. ಕಣ್ಣು ತುಂಬಿತು, ಆದರೆ ತುತ್ತು ಇಳಿಯಿತು. ಇನ್ನೊಂದೂ ಇಳಿಯಿತು.

ಚಿಕ್ಕವೆಂಕಟಮ್ಮ ಗೋಡೆಯಾಚೆಯಿಂದ ಇಣುಕಿ "ಬಾವ" ಎಂದಳು. ತಲೆಯೆತ್ತದೆ, ಉಂಡಾಗಲಿ ತಡಿ ಎಂದು ಎಡಗೈ ತೋರಿಸಿದೆ.

ಸಂಜೆಯ ಬಸ್ಸಿಗೆ ಅವಳೊಬ್ಬಳೇ ಹೋದಳು. ನಾನು ಈಗ ದಿನವೂ ಹಿತ್ತಲ ಬಾಗಿಲಲ್ಲಿ ಉಣ್ಣುತ್ತೇನೆ. ಕುಪ್ಪುಸ್ವಾಮಿಯ ಉಪ್ಪಿನಕಾಯಿಗಾಗಿ ಮಾತ್ರ ಒಮ್ಮೊಮ್ಮೆ ರೈಲು ಹತ್ತುವುದುಂಟು.