ಹುಣ್ಣಿಮೆ ನೀರು, ಹಬ್ಬದ ದೋಣಿ

ಬಾಯಿದ್ದೂ ಸುಮ್ಮನಿರುವುದು ಎಷ್ಟು ಕಷ್ಟ ಎನ್ನುವುದು ದೊಕ್ಸಿಮ್‌ಗೆ ಚುಸೊಕ್ ಹಬ್ಬದ ಬೆಳಿಗ್ಗೆ ಧಕ್ಕೆಯ ಮೇಲೆ ನಿಂತಾಗ ಗೊತ್ತಾಯಿತು.

ಸೊಲ್ದೊ ದ್ವೀಪದಲ್ಲಿ ಹಬ್ಬ ಎಂದರೆ ಧಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು, ಅಕ್ಕಿಕಡುಬು ಹಂಚಿ ತಿಂದು, ಎಲ್ಲರೂ ಎದುರಿನ ನಡುಗಡ್ಡೆಗೆ ಹೊರಡುತ್ತಾರೆ. ಊರಿನ ಸಮಾಧಿಗಳೆಲ್ಲ ಇರುವುದು ಅಲ್ಲಿಯೇ. ತಡ ಮಾಡುವಂತಿಲ್ಲ. ನೀರು ಏರಿದಾಗ ಮಾತ್ರ ದೋಣಿ ಆ ದಡ ಮುಟ್ಟುತ್ತದೆ. ಇಳಿಯಿತೆಂದರೆ ಮೊಣಕಾಲುದ್ದ ಕೆಸರು. ಹಾಗಾಗಿ ಒಂದೇ ಹೊತ್ತಿಗೆ ಹತ್ತು ಮನೆಯವರು ಓಡಿಬರುತ್ತಾರೆ. ಕಡುಬಿನ ಡಬ್ಬಿ ಎಲ್ಲಿ, ಚಾಪೆ ಎಲ್ಲಿ, ಆ ಮಗು ಎಲ್ಲಿ ಎಂದು ಒಬ್ಬರ ಮೇಲೊಬ್ಬರು ಕೂಗುತ್ತಾರೆ. ಎಂಜಿನ್‌ಗಳು ಒಂದಾದ ಮೇಲೊಂದು ಗುಡುಗುತ್ತವೆ. ಕಾದು ಕಾದು ಸಾಕಾದ ಮಕ್ಕಳು ಧಕ್ಕೆಯ ಅಂಚಿನಲ್ಲೇ ಕುಣಿಯುತ್ತಿರುತ್ತಾರೆ.

ದೊಕ್ಸಿಮ್ ಕಣ್ಣು ನೆಟ್ಟಿದ್ದು ಪಕ್ಕದ ಮನೆಯ ಗುಮ್ಜಾಳ ದೋಣಿಯ ಮೇಲೆ. ಗುಮ್ಜಾಳ ಮಗ ಸಾಂಗ್‌ಚುಲ್ ಎಂಜಿನ್ ಹತ್ತಿರ ಬಗ್ಗಿದ್ದ. ಅವನ ಹೆಂಡತಿ ಡಬ್ಬಿಗಳನ್ನು ಜೋಡಿಸುತ್ತಿದ್ದಳು. ಆರು ವರ್ಷದ ಮಗಳು ಯೇವೊನ್ ಮತ್ತು ಅವಳ ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು ಆಗಲೇ ದೋಣಿಯ ಅಂಚಿನ ಮೇಲೆ ಹತ್ತಿ ಕುಳಿತಿದ್ದರು. ಮೂವರಿಗೂ ಹೊಸ ರೇಷ್ಮೆ ಉಡುಪು. ಯೇವೊನ್ ತಲೆಯ ಮೇಲೆ ಗೊಂಡೆ ಕಟ್ಟಿದ ಕಸೂತಿ ಟೋಪಿ. ಯಾರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ದೋಣಿಯಲ್ಲಿದ್ದ ಎರಡು ಜಾಕೆಟ್‌ಗಳೂ ದೊಡ್ಡವರವು. ಅವನ್ನು ಮಡಚಿ, ಹಲಗೆ ಚುಚ್ಚದಿರಲೆಂದು ಗುಮ್ಜಾ ಕೂರುವ ಜಾಗದಲ್ಲಿ ಹಾಸಿದ್ದರು.

ದೊಕ್ಸಿಮ್ ಮೂವತ್ತೈದು ವರ್ಷದಿಂದ ಕಡಲಿಗೆ ಮುಳುಗಿ ಚಿಪ್ಪು ತೆಗೆಯುವವಳು. ದ್ವೀಪಕ್ಕೂ ನಡುಗಡ್ಡೆಗೂ ನಡುವಿನ ಕಡಲ ಕಾಲುವೆಯ ನೀರು ಅವಳಿಗೆ ತನ್ನ ಅಡುಗೆಮನೆಯಷ್ಟೇ ಗೊತ್ತು. ಚುಸೊಕ್ ಬರುವುದೇ ಹುಣ್ಣಿಮೆಗೆ, ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಆ ಕಾಲುವೆ ಹುಚ್ಚು ಹಿಡಿದಂತೆ ಓಡುತ್ತದೆ. ಅಂಥ ದಿನಗಳಲ್ಲಿ ಮುಳುಗುವ ಹೆಂಗಸರು ಒಬ್ಬರೂ ನೀರಿಗಿಳಿಯುವುದಿಲ್ಲ. ಅದೇ ದಿನ ಊರಿನ ಮಕ್ಕಳನ್ನೆಲ್ಲ ಅದೇ ನೀರಿನ ಮೇಲೆ ಸಾಗಿಸುತ್ತೇವೆ. ಎಂಥ ಬುದ್ಧಿ ನಮ್ಮದು.

ಬೇರೆ ಹಬ್ಬವಾಗಿದ್ದರೆ ದೊಕ್ಸಿಮ್ ಇಷ್ಟು ಹೊತ್ತಿಗೆ ಧಕ್ಕೆ ನಡುಗುವಂತೆ ಕೂಗಿರುತ್ತಿದ್ದಳು. ಆದರೆ ಅವಳ ಬಾಯಿ ಈಗಾಗಲೇ ಒಮ್ಮೆ ಸ್ನೇಹ ಮುರಿದಿತ್ತು. ಮೂರು ವರ್ಷದ ಕೆಳಗೆ ಗುಮ್ಜಾ ಹೊಸ ಕಡಲಸೊಪ್ಪಿನ ಕಟ್ಟಿನ ಅಡಿಗೆ ಹಳೆಯದನ್ನು ಸೇರಿಸಿದ್ದಳು. ಅದನ್ನು ದೊಕ್ಸಿಮ್ ಕೊಳ್ಳುವವನ ಎದುರಿಗೇ ಹೇಳಿಬಿಟ್ಟಳು. ಹೇಳಿದ್ದು ನಿಜವೇ. ಆದರೂ ಎರಡು ವರ್ಷ ಅವರಿಬ್ಬರಿಗೆ ಮಾತಿಲ್ಲ, ಒಂದು ಗೋಡೆಯ ಆಚೆ ಈಚೆ ಇದ್ದು. ಈ ವಸಂತದಲ್ಲಿ ದೊಕ್ಸಿಮ್ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಗುಮ್ಜಾ ಒಂದು ಪಾತ್ರೆ ಗಂಜಿ ಹಿಡಿದು ಬಂದು, ಏನೂ ಮಾತಾಡದೆ ತಿನ್ನಿಸಿ ಹೋಗಿದ್ದಳು. ಅಲ್ಲಿಂದ ಸಂಬಂಧ ಮತ್ತೆ ಕೂಡಿತ್ತು. ಜೊತೆಗೆ ಗುಮ್ಜಾಳ ಗಂಡ ತೀರಿಕೊಂಡ ಮೇಲೆ ಬಂದ ಮೊದಲ ಹಬ್ಬ ಇದು. ಇಂಥ ದಿನ, ದೋಣಿ ಬಿಡುವ ಹೊತ್ತಿಗೆ, ಮುಳುಗುವ ಮಾತು ಆಡಿದರೆ ಯಾರು ಸಹಿಸುತ್ತಾರೆ?

ಅವಳ ಪಕ್ಕಕ್ಕೆ ಮಿರಾನ್ ಬಂದು ನಿಂತಳು. ಅವಳು ದ್ವೀಪದ ಚಿಕಿತ್ಸಾಲಯದ ನರ್ಸ್. ಅವಳ ಕಾಲ ಬಳಿ ಊರ ಸಭಾಮನೆಯಿಂದ ತಂದ ಒಂದು ಪೆಟ್ಟಿಗೆ. ಅದರ ತುಂಬ ಮಕ್ಕಳ ಅಳತೆಯ ಜಾಕೆಟ್‌ಗಳು, ಯಾರು ಬೇಕಾದರೂ ಒಯ್ದು ವಾಪಸ್ ಕೊಡಬಹುದು. ಇನ್ನೂ ಯಾರೂ ಮುಟ್ಟಿರಲಿಲ್ಲ.

"ದೊಕ್ಸಿಮಕ್ಕ, ಏನು ಇವತ್ತು ಬಾಯಿ ಮನೇಲಿ ಬಿಟ್ಟು ಬಂದಿದ್ದೀಯಾ?" ಎಂದಳು ಮಿರಾನ್.

"ನೀನೇ ಹೇಳು ಹೋಗು. ನಿನ್ನ ಕೆಲಸ ಅದು."

"ನಾನು ಹೇಳಿದರೆ ಅದು ಸರ್ಕಾರದ ಮಾತು. ತಲೆ ಆಡಿಸಿ ಹಾಕ್ಕೋತಾರೆ, ಧಕ್ಕೆ ಮರೆಯಾದ ಮೇಲೆ ಬಿಚ್ಚಿ ಎಸೀತಾರೆ. ನೀನು ಹೇಳಿದರೆ ನೀರು ಗೊತ್ತಿರೋಳ ಮಾತು."

ದೊಕ್ಸಿಮ್ ತನ್ನ ಕಷ್ಟ ಬಿಚ್ಚಿಟ್ಟಳು. ಮಕ್ಕಳು ನಮ್ಮವರಲ್ಲ. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ಹೇಳಿದರೆ ಮತ್ತೆ ಮಾತು ಹೋಗುತ್ತದೆ, ಇನ್ನೆಷ್ಟು ವರ್ಷಕ್ಕೋ.

"ಮಾತು ಬಿಟ್ಟರೆ ಎರಡು ವರ್ಷ ಬಿಡ್ತಾಳೆ. ಮೂರನೇ ವರ್ಷ ಗಂಜಿ ತರ್ತಾಳೆ," ಎಂದಳು ಮಿರಾನ್. "ನೀರು ತಗೊಂಡಿದ್ದನ್ನ ಯಾವ ವರ್ಷ ವಾಪಸ್ ತರುತ್ತೆ, ಅಕ್ಕ?"

ದೊಕ್ಸಿಮ್ ಪೆಟ್ಟಿಗೆಯತ್ತ ಬಗ್ಗಿದಳು. ಮಿರಾನ್ ಇನ್ನೊಂದು ಮಾತೂ ಹೇಳಿದಳು. ಹತ್ತು ಜನರ ಎದುರು ಕೂಗಬೇಡ, ಯಾರ ತಪ್ಪನ್ನೂ ಎಣಿಸಬೇಡ, ಹತ್ತಿರ ಹೋಗಿ ಮೆಲ್ಲಗೆ ಹೇಳು, ಬರಿಗೈಯಲ್ಲಿ ಹೋಗಬೇಡ. ದೊಕ್ಸಿಮ್ ಮೂರು ಸಣ್ಣ ಜಾಕೆಟ್‌ಗಳನ್ನು ಬಗಲಿಗೆ ಸಿಕ್ಕಿಸಿಕೊಂಡಳು.

ಅಷ್ಟರಲ್ಲಿ ಸಾಂಗ್‌ಚುಲ್ ಎಂಜಿನ್ ಚಾಲೂ ಮಾಡಿದ್ದ. ಗುಮ್ಜಾ ಹತ್ತಿ ಕುಳಿತಾಗಿತ್ತು. ಕಂಬದಿಂದ ಹಗ್ಗ ಬಿಚ್ಚುವುದೊಂದೇ ಬಾಕಿ. ದೊಕ್ಸಿಮ್ ಓಡಿದಳು. ಜನರನ್ನು ತಳ್ಳಿಕೊಂಡು, ಯಾರದೋ ಪೇರಳೆ ಬುಟ್ಟಿ ದಾಟಿ ಓಡಿಹೋಗಿ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದ ಮಾತುಗಳೆಲ್ಲ ಏದುಸಿರಿನಲ್ಲಿ ಹಾರಿಹೋದವು.

"ಅಕ್ಕ, ಉಡುಪು ಚೆನ್ನಾಗಿದೆ," ಎಂದಳು.

ಗುಮ್ಜಾ ಅವಳನ್ನು ಅನುಮಾನದಿಂದ ನೋಡಿದಳು. ದೊಕ್ಸಿಮ್ ಬಾಯಲ್ಲಿ ಹೊಗಳಿಕೆ ಬಂದರೆ ಯಾರಿಗಾದರೂ ಅನುಮಾನ ಬರುವುದೇ. "ಹಗ್ಗ ಬಿಡು, ನೀರು ಇಳಿಯುತ್ತೆ," ಎಂದಳು.

ದೊಕ್ಸಿಮ್ ಜಾಕೆಟ್‌ಗಳನ್ನು ಚಾಚಿದಳು. ಗುಮ್ಜಾಳ ಮುಖ ಗಟ್ಟಿಯಾಯಿತು. ರೇಷ್ಮೆಯ ಮೇಲೆ ಆ ಮೀನು ವಾಸನೆಯದ್ದನ್ನು ಹಾಕಿ ಮುದ್ದೆ ಮಾಡುವುದೇ? ಮೊಮ್ಮಕ್ಕಳು ಹೊಸ ಬಟ್ಟೆಯಲ್ಲಿ ತಾತನಿಗೆ ಅಡ್ಡ ಬೀಳಬೇಕು. ಹತ್ತು ನಿಮಿಷದ ದಾರಿ. ನಲವತ್ತು ವರ್ಷದಿಂದ ಹೋಗುತ್ತಿದ್ದೇವೆ, ಏನೂ ಆಗಿಲ್ಲ. ಕೊನೆಗೆ ಅವಳು ಆ ಮಾತು ಆಡಿಯೇಬಿಟ್ಟಳು. "ಹಬ್ಬದ ದಿನ ಕೆಟ್ಟದ್ದು ನುಡೀಬೇಡ. ನಿನ್ನ ಬಾಯಿ ನನಗೆ ಗೊತ್ತು."

ದೊಕ್ಸಿಮ್‌ಗೆ ರಕ್ತ ತಲೆಗೇರಿತು. ನಾಲಿಗೆಯ ತುದಿಗೆ ಬಂದಿದ್ದು ಹಳೆಯ ಕಡಲಸೊಪ್ಪಿನ ಕಥೆ. ಅದನ್ನು ನುಂಗಿಕೊಂಡಳು. ಅವಳ ಜೀವಮಾನದಲ್ಲಿ ಅಷ್ಟು ದೊಡ್ಡ ತುತ್ತು ನುಂಗಿರಲಿಲ್ಲ.

"ಅಕ್ಕ, ಮೂವತ್ತೈದು ವರ್ಷ ಆ ನೀರಲ್ಲೇ ಬದುಕಿದೀನಿ. ಇವತ್ತು ಅಲ್ಲಿಗೆ ನಾನೇ ಇಳಿಯೋಲ್ಲ. ಯೇವೊನ್ ಈಜ್ತಾಳಾ?"

ಯೇವೊನ್ ಇಲ್ಲವೆಂದು ತಲೆ ಆಡಿಸಿದಳು.

ಸಾಂಗ್‌ಚುಲ್ ಜಗಳ ತಪ್ಪಿಸಲು ನಕ್ಕು, ಅಮ್ಮ ಕುಳಿತಿದ್ದ ದೊಡ್ಡ ಜಾಕೆಟ್ ಎಳೆದು ಮಗಳಿಗೆ ತೊಡಿಸಿದ. ಇಷ್ಟು ಸಾಕಲ್ಲ ಎಂದ. ದೊಕ್ಸಿಮ್ ಹಗ್ಗವನ್ನು ಕಂಬಕ್ಕೆ ಸುತ್ತಿ ದೋಣಿಗೆ ಇಳಿದಳು. ಜಾಕೆಟ್ಟನ್ನು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿದಳು. ಅದು ಸಿಪ್ಪೆ ಸುಲಿದಂತೆ ಹುಡುಗಿಯ ತಲೆಯ ಮೇಲಿಂದ ಕಳಚಿ ಅವಳ ಕೈಗೆ ಬಂತು. ಯೇವೊನ್ ಇದ್ದಲ್ಲೇ ನಿಂತಿದ್ದಳು.

"ನೋಡಿದ್ಯೇನೋ? ಜಾಕೆಟ್ ತೇಲುತ್ತೆ. ಮಗು ತೇಲಲ್ಲ."

ಸಾಂಗ್‌ಚುಲ್‌ನ ನಗು ಆರಿತು. ಆಗ ಅವನ ಹೆಂಡತಿ ಡಬ್ಬಿ ಕೆಳಗಿಟ್ಟು ನೆಟ್ಟಗೆ ನಿಂತಳು. ಅತ್ತೆಯ ಎದುರು ದನಿ ಎತ್ತದ ಹೆಣ್ಣು ಅವಳು.

"ಅತ್ತೆ, ನನಗೂ ಬೆಳಿಗ್ಗೆಯಿಂದ ಇದೇ ಭಯ. ಹೇಳೋಕೆ ಬಾಯಿ ಬರಲಿಲ್ಲ. ರೇಷ್ಮೆ ಚೀಲದಲ್ಲಿ ಬರಲಿ. ಅಲ್ಲಿಗೆ ಹೋಗಿ ಉಡಿಸ್ತೀನಿ."

ಗುಮ್ಜಾ ಸೊಸೆಯನ್ನು ನೋಡಿದಳು, ದೊಕ್ಸಿಮ್‌ಳನ್ನು ನೋಡಿದಳು. "ಬೇಗ ಮಾಡಿ ಮತ್ತೆ," ಎಂದು ಗೊಣಗಿ ಮುಖ ತಿರುಗಿಸಿದಳು.

ಆಮೇಲೆ ಧಕ್ಕೆಯಲ್ಲಿ ನಡೆದದ್ದು ಇನ್ನೊಂದು ಹಬ್ಬ. ಸೊಸೆ ಓಡಿಹೋಗಿ ತಂದ ಮನೆಯ ಬಟ್ಟೆಯನ್ನು ಮಕ್ಕಳಿಗೆ ತೊಡಿಸಿ, ಮೇಲೆ ಸಣ್ಣ ಜಾಕೆಟ್ ಹಾಕಿ, ಕಾಲುಗಳ ನಡುವಿನ ಪಟ್ಟಿ ಎಳೆದು ಬಿಗಿದರು. ದೊಕ್ಸಿಮ್ ಯೇವೊನ್‌ಳ ಜಾಕೆಟ್ ಭುಜ ಹಿಡಿದು ಎತ್ತಿದಳು. ಈ ಸಲ ಹುಡುಗಿಯೇ ಮೇಲೆ ಬಂದು, ಗಾಳಿಯಲ್ಲಿ ಕಾಲಾಡಿಸುತ್ತ ಕಿಲಕಿಲ ನಕ್ಕಳು. ನನ್ನನ್ನೂ ಎತ್ತು ಎಂದು ಗಂಡುಮಕ್ಕಳು ಮುಗಿಬಿದ್ದರು. ಪಕ್ಕದ ದೋಣಿಗಳ ಮಕ್ಕಳೂ ಓಡಿಬಂದು ಸಾಲು ನಿಂತರು. ಎತ್ತಿಸಿಕೊಳ್ಳಬೇಕಾದರೆ ಜಾಕೆಟ್ ಬೇಕಲ್ಲ. ಮಿರಾನ್‌ಳ ಪೆಟ್ಟಿಗೆ ನೋಡನೋಡುತ್ತಲೇ ಖಾಲಿಯಾಯಿತು.

ಸಾಂಗ್‌ಚುಲ್ ಮತ್ತೆ ಚುಕ್ಕಾಣಿ ಹಿಡಿಯಲು ಹೋದಾಗ ದೊಕ್ಸಿಮ್ ಮೂಗಿಗೆ ಅಕ್ಕಿಮದ್ಯದ ವಾಸನೆ ಬಂತು.

"ಎಷ್ಟು ಬಟ್ಟಲು?"

"ಎಡೆ ಇಟ್ಟಿದ್ದು, ಚಿಕ್ಕಮ್ಮ. ಅಪ್ಪನ ಹೆಸರಿನದು. ಬೇಡ ಅನ್ನೋಕಾಗುತ್ತಾ?"

"ಬೇಡ ಅನ್ನಬೇಡ, ಕುಡಿ. ಚುಕ್ಕಾಣಿ ಮುಟ್ಟಬೇಡ. ನನ್ನ ಮನೇಲಿ ಎಡೆ ಇಟ್ಟಾಯ್ತು, ಬಟ್ಟಲು ಮುಟ್ಟಿಲ್ಲ. ಸರಿ ಆ ಕಡೆ."

ಅವನು ಸರಿದ, ದೊಕ್ಸಿಮ್ ಚುಕ್ಕಾಣಿ ಹಿಡಿದಳು. ದೋಣಿ ಬಿಟ್ಟಿತು.

ಕಾಲುವೆಯ ನಡುವೆ ಬಂದಾಗ ನೀರು ಕೊಪ್ಪರಿಗೆಯಲ್ಲಿ ಕುದಿಯುವಂತೆ ಸುಳಿ ಸುಳಿಯಾಗಿ ಏಳುತ್ತಿತ್ತು. ಮಕ್ಕಳಿಗೆ ಭಯವಿಲ್ಲ, ಖುಷಿಯೋ ಖುಷಿ. ಒಂದು ಗಾಳಿ ಬೀಸಿತು. ಯೇವೊನ್ ತೆಗೆಯಲು ಒಪ್ಪದಿದ್ದ ಕಸೂತಿ ಟೋಪಿ ಹಾರಿ ನೀರಿಗೆ ಬಿತ್ತು. ಹುಡುಗಿ ಅದರ ಹಿಂದೆಯೇ ಅಂಚಿನಾಚೆ ಬಗ್ಗಿದಳು. ತಾಯಿ ಜಾಕೆಟ್‌ನ ಬೆನ್ನು ಹಿಡಿದು ಒಳಕ್ಕೆಳೆದುಕೊಂಡಳು.

ದೊಕ್ಸಿಮ್ ತಕ್ಷಣ ದೋಣಿ ತಿರುಗಿಸಿದಳು. ಟೋಪಿ ಆಗಲೇ ದೂರವಿತ್ತು. ಕೆಂಪು ಗೊಂಡೆ ಒಮ್ಮೆ ಕಂಡಿತು, ಇನ್ನೊಮ್ಮೆ ಕಂಡಿತು. ಚಿಪ್ಪು ಸಾಕುವ ಪಂಜರಗಳ ಹಗ್ಗದ ಸಾಲಿಗೆ ಹೋಗಿ ತಗುಲಿತು. ಆಮೇಲೆ ನೀರು ಅದನ್ನು ಅಡಿಗೆ ಎಳೆದುಕೊಂಡು ಹೋಯಿತು. ಮೀನು ಹಿಡಿಯುವ ಬಲೆಕೋಲು ಕೈಗೆ ತೆಗೆದುಕೊಂಡಿದ್ದ ಸಾಂಗ್‌ಚುಲ್ ಅದನ್ನು ಹಾಗೇ ಹಿಡಿದು ನಿಂತ. ಎಲ್ಲ ಸೇರಿ ಇಪ್ಪತ್ತು ಎಣಿಸುವಷ್ಟು ಹೊತ್ತೂ ಆಗಿರಲಿಲ್ಲ.

"ಎಲ್ಲಿ ಹೋಯ್ತು ಟೋಪಿ?" ಎಂದಳು ಯೇವೊನ್.

ಗುಮ್ಜಾ ಮೊಮ್ಮಗಳನ್ನು ತನ್ನ ಮೊಣಕಾಲುಗಳ ನಡುವೆ ಎಳೆದುಕೊಂಡು, ಆಗಲೇ ಬಿಗಿಯಾಗಿದ್ದ ಪಟ್ಟಿಯನ್ನು ಇನ್ನೊಮ್ಮೆ ಬಿಗಿದಳು.

ಅವರು ಹೋದರು, ರೇಷ್ಮೆ ಉಟ್ಟು ತಾತನಿಗೆ ನಮಸ್ಕರಿಸಿದರು, ನೀರು ಇಳಿಯುವ ಮೊದಲೇ ಸುಖವಾಗಿ ವಾಪಸ್ ಬಂದರು. ಯಾರಿಗೂ ಏನೂ ಆಗಲಿಲ್ಲ. ಧಕ್ಕೆಯಲ್ಲಿ ಒಬ್ಬ, "ಸುಮ್ಮನೆ ರಂಪ ಮಾಡಿದಳಲ್ಲ, ಏನಾಯ್ತು ಈಗ?" ಎಂದು ನಕ್ಕ. ದೊಕ್ಸಿಮ್ ಬಾಯಿ ತೆರೆಯುವ ಮೊದಲೇ ಗುಮ್ಜಾ ಅವನತ್ತ ತಿರುಗಿದಳು.

"ಏನೂ ಆಗಲಿಲ್ಲ. ಅದಕ್ಕೇ ಅವಳು ಹೇಳಿದ್ದು."

ಆಮೇಲೆ ಉಳಿದ ಕಡುಬಿನ ಡಬ್ಬಿಯನ್ನು ದೊಕ್ಸಿಮ್ ಕೈಗೆ ತುರುಕಿ ಮನೆಯತ್ತ ನಡೆದಳು.

ಮುಂದಿನ ವರ್ಷ ಹಬ್ಬದ ಬೆಳಿಗ್ಗೆ ದೊಕ್ಸಿಮ್ ಧಕ್ಕೆಗೆ ಬರುವಷ್ಟರಲ್ಲಿ ಅಲ್ಲಿ ಯಾರೋ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಪೆಟ್ಟಿಗೆಯ ಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು ಗುಮ್ಜಾ. ಒಂದು ಮಗುವಿನ ಜಾಕೆಟ್ ಭುಜ ಹಿಡಿದು ಎತ್ತಿ ನೋಡುತ್ತ, ಅದರ ಅಪ್ಪನಿಗೆ, "ಬಟ್ಟಲು ಮುಟ್ಟಿದ ಕೈ ಚುಕ್ಕಾಣಿ ಮುಟ್ಟಕೂಡದು, ಇಳಿ ಕೆಳಗೆ," ಎನ್ನುತ್ತಿದ್ದಳು. ಊರಿಗೆ ಈಗ ಎರಡು ದೊಡ್ಡ ಬಾಯಿ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ನೀರು ಕಡಲಿರಬಹುದು, ಹೊಳೆಯಿರಬಹುದು, ಕೆರೆಯಿರಬಹುದು. ದೋಣಿಯಲ್ಲಿ ಜಾಕೆಟ್ ಇಲ್ಲದ ಮಗುವನ್ನು ಕಂಡರೆ ಅದು ಯಾರ ಮಗು ಎಂದು ಯೋಚಿಸುತ್ತ ನಿಲ್ಲಬೇಡಿ. ಹತ್ತಿರ ಹೋಗಿ, ಮೆಲ್ಲಗೆ ಹೇಳಿ. ಮಗುವಿನ ಅಳತೆಯದೇ ಹಾಕಿಸಿ, ಕಾಲಿನ ಪಟ್ಟಿ ಬಿಗಿಸಿ, ಭುಜ ಹಿಡಿದು ಎತ್ತಿ ನೋಡಿ. ಕುಡಿದವನ ಕೈಗೆ ಚುಕ್ಕಾಣಿ ಕೊಡಬೇಡಿ, ಅದು ದೇವರ ಹೆಸರಿನ ಬಟ್ಟಲಾದರೂ ಸರಿ. ಮೆಲ್ಲಗೆ ಹೇಳಲು ಬರದಿದ್ದರೆ ಬಂದ ಹಾಗೆ ಹೇಳಿ, ಬೇಕಾದರೆ ಹಗ್ಗ ಹಿಡಿದು ನಿಲ್ಲಿ. ನಾಲ್ಕು ಜನ ಬೈಯಬಹುದು. ಏನೂ ಆಗಲಿಲ್ಲವಲ್ಲ ಎಂದು ನಗಬಹುದು. ನಗಲಿ. ಆ ನಗುವವರ ನಡುವೆ ಮಗುವೂ ನಿಂತು ನಗುತ್ತಿರುತ್ತದೆ.